ಮಖಾಂಡ ಕಲಾ ಉತ್ಸವದಲ್ಲಿ ಸ್ವತಂತ್ರ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಮಖಾಂಡ ಎಂಬ ಊರಿನಲ್ಲಿ ಪ್ರತಿ ವರ್ಷ ಜೂನ್ ಕೊನೆಗೆ ನ್ಯಾಷನಲ್ ಆರ್ಟ್ಸ್ ಫೆಸ್ಟಿವಲ್ ಶುರುವಾಗುತ್ತದೆ. ನಾಟಕ, ನೃತ್ಯ, ಜಾಝ್ ಅಂತ ಹೋಗುವವರೇ ಜಾಸ್ತಿ. ಅಲ್ಲಿ ಸಿನಿಮಾ ನೋಡಬೇಕು ಅನ್ನುವವರಿಗೆ, ಹೋಗಲು ಆಗದಿದ್ದರೂ ಆ ದೇಶದ ಸಣ್ಣ ಸಿನಿಮಾಗಳ ಹಿನ್ನೆಲೆ ತಿಳಿಯಬೇಕು ಅನ್ನುವವರಿಗೆ ಈ ಪುಟ.

ಇದು ಸಿನಿಮಾ ಉತ್ಸವವಾ, ಕಲಾ ಉತ್ಸವವಾ?

ಕಲಾ ಉತ್ಸವ. ಸಿನಿಮಾ ಅದರ ಒಂದು ಭಾಗ ಅಷ್ಟೇ. 10–11 ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಊರಿನ ತುಂಬ ಕಾರ್ಯಕ್ರಮ. ಶಾಲೆಯ ಸಭಾಂಗಣ, ಚರ್ಚ್ ಹಾಲ್, ವಿಶ್ವವಿದ್ಯಾಲಯದ ಕೊಠಡಿ, ಎಲ್ಲವೂ ಆ ದಿನಗಳಲ್ಲಿ ರಂಗಮಂದಿರ. ಸಿನಿಮಾ ವಿಭಾಗ ಕೆಲವು ವರ್ಷ ದೊಡ್ಡದಿರುತ್ತದೆ, ಕೆಲವು ವರ್ಷ ಚಿಕ್ಕದು. ಆದ್ದರಿಂದ ಟಿಕೆಟ್ ಮಾಡಿಸುವ ಮೊದಲು ಆ ವರ್ಷದ ಕಾರ್ಯಕ್ರಮ ಪಟ್ಟಿ ನೋಡಲೇಬೇಕು. ಸಿನಿಮಾ ಒಂದೇ ಸಾಕು ಅನ್ನುವವರಿಗೆ ಡರ್ಬನ್ ಉತ್ಸವ ಒಳ್ಳೆಯದು, ಅದರ ವಿಷಯ ಮುಂದೆ ಇದೆ.

ಹಾಗಂತ ಮಖಾಂಡದ ಸಿನಿಮಾ ಪ್ರದರ್ಶನಗಳನ್ನು ಎರಡನೇ ದರ್ಜೆ ಅಂತ ತಳ್ಳಿಹಾಕಬೇಡಿ. ಮಧ್ಯಾಹ್ನ ಒಂದು ನಾಟಕ ನೋಡಿ, ಸಂಜೆ ಅದೇ ಭಾಷೆಯ, ಅದೇ ಪ್ರಾಂತ್ಯದ ಸಿನಿಮಾ ನೋಡುವ ಅವಕಾಶ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ.

ಗ್ರಹಾಮ್ಸ್‌ಟೌನ್ ಅಂತ ಕೇಳಿದ ನೆನಪು. ಇದು ಬೇರೆ ಊರಾ?

ಅದೇ ಊರು. 2018ರಲ್ಲಿ ಹೆಸರು ಬದಲಾಯಿತು. ಹಳೆಯ ಹೆಸರು ಜಾನ್ ಗ್ರಹಾಂ ಎಂಬ ಬ್ರಿಟಿಷ್ ಸೇನಾಧಿಕಾರಿಯದು. ಖೋಸಾ ಜನರನ್ನು ಅವರ ನೆಲದಿಂದ ಓಡಿಸಿದ ದಂಡಯಾತ್ರೆ ನಡೆಸಿದವನು ಆತ. ಹೊಸ ಹೆಸರಿನ ಮಖಾಂಡ, 1819ರಲ್ಲಿ ಸಾವಿರಾರು ಖೋಸಾ ಯೋಧರ ಜೊತೆ ಈ ಊರಿನ ಬ್ರಿಟಿಷ್ ಠಾಣೆಯ ಮೇಲೆ ದಾಳಿ ಮಾಡಿದವನು. ಸೋತ ಮೇಲೆ ಅವನನ್ನು ರಾಬೆನ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿಂದ ತಪ್ಪಿಸಿಕೊಳ್ಳುವಾಗ ಸಮುದ್ರದಲ್ಲಿ ಮುಳುಗಿ ಸತ್ತ. ಹಳೆಯ ಪುಸ್ತಕ, ಹಳೆಯ ಬ್ರೋಷರ್‌ಗಳಲ್ಲಿ ಗ್ರಹಾಮ್ಸ್‌ಟೌನ್ ಅಂತಲೇ ಇರುತ್ತದೆ. ಊರಿನಲ್ಲಿ ಈಗಲೂ ಎರಡೂ ಹೆಸರು ಕಿವಿಗೆ ಬೀಳುತ್ತವೆ.

"ಸ್ವತಂತ್ರ ಸಿನಿಮಾ" ಅಂದರೆ ಅಲ್ಲಿ ಯಾವುದು?

ಮಾಲ್‌ಗಳಲ್ಲಿರುವ ದೊಡ್ಡ ಚಿತ್ರಮಂದಿರ ಸರಪಳಿಗಳಲ್ಲಿ ಜಾಗ ಸಿಗದ, ಸಿಕ್ಕರೂ ಒಂದು ವಾರಕ್ಕೆ ಎತ್ತಂಗಡಿಯಾಗುವ ಸಿನಿಮಾ ಅಂತ ತಿಳಿಯಿರಿ. ಆ ದೇಶದಲ್ಲಿ ಸ್ಟರ್-ಕಿನೆಕೋರ್ ಮತ್ತು ನು ಮೆಟ್ರೋ ಎಂಬ ಎರಡು ಸರಪಳಿಗಳದೇ ದರ್ಬಾರು. ಅವುಗಳ ಪರದೆ ಹೆಚ್ಚಾಗಿ ಹಾಲಿವುಡ್‌ಗೆ ಮೀಸಲು. ಒಂಟಿಯಾಗಿ ನಡೆಯುವ ಚಿತ್ರಮಂದಿರಗಳು ಬೆರಳೆಣಿಕೆಯಷ್ಟು. ಕೇಪ್ ಟೌನ್‌ನ ಲಾಬಿಯಾ, ಜೋಹಾನ್ಸ್‌ಬರ್ಗ್‌ನಲ್ಲಿ 2010ರಲ್ಲಿ ಶುರುವಾದ ಬಯೋಸ್ಕೋಪ್, ಹೀಗೆ.

ದುಡ್ಡಿನ ಕಥೆಯೂ ಕಷ್ಟದ್ದೇ. ಸರ್ಕಾರದ ನ್ಯಾಷನಲ್ ಫಿಲ್ಮ್ ಆ್ಯಂಡ್ ವಿಡಿಯೋ ಫೌಂಡೇಷನ್ ಸ್ವಲ್ಪ ಅನುದಾನ ಕೊಡುತ್ತದೆ. ವಾಣಿಜ್ಯ ಇಲಾಖೆಯ ಪ್ರೋತ್ಸಾಹಧನ ಯೋಜನೆಯಲ್ಲಿ ಖರ್ಚಿನ ಒಂದು ಪಾಲು ವಾಪಸ್ ಬರಬೇಕು. ಆ ಹಣ ಸಕಾಲಕ್ಕೆ ಬರುತ್ತಿಲ್ಲ ಅಂತ 2025ರ ಜನವರಿಯಲ್ಲಿ ಚಿತ್ರರಂಗದವರು ಬೀದಿಗಿಳಿದರು. ಅಂದರೆ ನೀವು ನೋಡುವ ಸಣ್ಣ ಸಿನಿಮಾದ ಹಿಂದೆ ವರ್ಷಗಟ್ಟಲೆ ಸಾಲ, ಓಡಾಟ ಇರುತ್ತದೆ. ಇಂಥ ಸಿನಿಮಾಗೆ ಉತ್ಸವವೇ ಬಿಡುಗಡೆ, ಉತ್ಸವವೇ ಜಾಹೀರಾತು.

ಒಟಿಟಿಯಲ್ಲೇ ಆಫ್ರಿಕಾದ ಸಿನಿಮಾ ಸಿಗುವಾಗ ಅಲ್ಲಿಗೇ ಹೋಗಿ ನೋಡುವುದು ಯಾಕೆ?

ವರ್ಣಭೇದ ನೀತಿಯ ಕಾಲದಲ್ಲಿ, ಯಾರು ಯಾವ ಸಿನಿಮಾ ನೋಡಬಹುದು ಅಂತ ಸರ್ಕಾರ ಚರ್ಮದ ಬಣ್ಣ ನೋಡಿ ತೀರ್ಮಾನಿಸುತ್ತಿದ್ದ ದೇಶ ಅದು. ಬಿಳಿಯರಿಗೆ ಬೇರೆ ಚಿತ್ರಮಂದಿರ, ಕಪ್ಪು ಜನರಿಗೆ ಬೇರೆ. ಒಂದೇ ಸಿನಿಮಾವನ್ನು ಬಿಳಿಯರಿಗೆ ಪಾಸು ಮಾಡಿ, ಕಪ್ಪು ಜನರಿಗೆ ಬೇಡ ಅಂತ ಸೆನ್ಸಾರ್ ಹೇಳಬಹುದಿತ್ತು. ಟಿವಿ ಬಂದದ್ದೇ 1976ರ ಜನವರಿಯಲ್ಲಿ. ಅಷ್ಟು ಶ್ರೀಮಂತ ದೇಶಕ್ಕೆ ಅಷ್ಟು ತಡವಾಗಿ!

1974ನೇ ಇಸವಿಯನ್ನೇ ನೋಡಿ. ಆ ವರ್ಷ ಈ ಊರಿನ ಗನ್‌ಫೈರ್ ಗುಡ್ಡದ ಮೇಲೆ 1820 ಸೆಟ್ಲರ್ಸ್ ಮಾನ್ಯುಮೆಂಟ್ ಉದ್ಘಾಟನೆಯಾಯಿತು. 1820ರಲ್ಲಿ ಬಂದಿಳಿದ ಬ್ರಿಟಿಷ್ ವಲಸಿಗರ ನೆನಪಿಗೆ ಕಟ್ಟಿದ ಭಾರಿ ಕಟ್ಟಡ ಅದು. ಈ ಉತ್ಸವ ಹುಟ್ಟಿದ್ದೂ ಅದರ ಜೊತೆಗೇ. ಅದೇ ವರ್ಷ "ಲಾಸ್ಟ್ ಗ್ರೇವ್ ಅಟ್ ಡಿಂಬಾಜಾ" ಎಂಬ ಸಾಕ್ಷ್ಯಚಿತ್ರವೂ ಹೊರಬಂತು. ಡಿಂಬಾಜಾ ಇದೇ ಈಸ್ಟರ್ನ್ ಕೇಪ್‌ನ ಊರು, ಮಖಾಂಡದಿಂದ ರಸ್ತೆಯಲ್ಲಿ ಒಂದೆರಡು ಗಂಟೆ. ಬಿಳಿಯರ ಪ್ರದೇಶಕ್ಕೆ ಬೇಡವಾದ ಕಪ್ಪು ಕುಟುಂಬಗಳನ್ನು ತಂದು ಸುರಿದ ಜಾಗ. ಹಸಿವು, ಕಾಯಿಲೆಯಿಂದ ಸತ್ತ ಮಕ್ಕಳ ಗೋರಿಗಳು ಅಲ್ಲಿ ಸಾಲಾಗಿದ್ದವು. ಕದ್ದುಮುಚ್ಚಿ ಚಿತ್ರೀಕರಿಸಿ, ಫಿಲ್ಮ್ ಸುರುಳಿಗಳನ್ನು ಗುಟ್ಟಾಗಿ ದೇಶದಾಚೆ ಸಾಗಿಸಿ ಆ ಚಿತ್ರ ಮುಗಿಸಿದರು. ಹೊರಗಿನ ದೇಶಗಳ ಜನ ಅದನ್ನು ನೋಡಿದರು. ಡಿಂಬಾಜಾದ ಪಕ್ಕದ ಊರಿನವರು ನೋಡುವಂತಿರಲಿಲ್ಲ.

ಹೀಗಿದ್ದ ಪ್ರಾಂತ್ಯದಲ್ಲಿ ಇಂದು ಖೋಸಾ ಭಾಷೆಯ ಸಿನಿಮಾವನ್ನು ಖೋಸಾ ಮಾತನಾಡುವವರ ನಡುವೆ ಕುಳಿತು ನೋಡಬಹುದು. ಯಾವ ಮಾತಿಗೆ ಹಾಲ್ ನಗುತ್ತದೆ, ಯಾವ ದೃಶ್ಯಕ್ಕೆ ಹಿಂದಿನ ಸಾಲಿನ ಅಜ್ಜಿ ಗಟ್ಟಿಯಾಗಿ ಉತ್ತರ ಕೊಡುತ್ತಾರೆ ಅನ್ನುವುದನ್ನು ಸಬ್‌ಟೈಟಲ್ ಹೇಳುವುದಿಲ್ಲ. ಮೊಬೈಲಿನಲ್ಲಿ ನೋಡಿದರೆ ಸಿನಿಮಾ ಮಾತ್ರ ಸಿಗುತ್ತದೆ. ಆ ಜನ ಸಿಗುವುದಿಲ್ಲ. ನನ್ನ ಮಟ್ಟಿಗೆ ಹೋಗಬೇಕಾದ ಕಾರಣ ಇದೊಂದೇ, ಇದು ಸಾಕು ಕೂಡ.

ಹೋಗುವ ಮೊದಲು ಯಾರ ಕೆಲಸ ತಿಳಿದುಕೊಂಡಿರಬೇಕು?

ಒಬ್ಬರ ಹೆಸರು ಹೇಳಿ ಅಂದರೆ ಜಾಮಿಲ್ ಎಕ್ಸ್.ಟಿ. ಕ್ಯುಬೆಕಾ. ಈಸ್ಟರ್ನ್ ಕೇಪ್‌ನ ಮಣ್ಣಿನಲ್ಲೇ ಕಥೆ ಹುಡುಕುವ ನಿರ್ದೇಶಕ. ಈಸ್ಟ್ ಲಂಡನ್ ನಗರದ ಪಕ್ಕ ಮ್ದಾನ್‌ಸಾನೆ ಎಂಬ ದೊಡ್ಡ ಟೌನ್‌ಶಿಪ್ (ವರ್ಣಭೇದದ ಕಾಲದಲ್ಲಿ ಕಪ್ಪು ಜನರಿಗೆಂದು ಬೇರೆ ಮಾಡಿದ ಬಡಾವಣೆ) ಇದೆ, ಬಾಕ್ಸರ್‌ಗಳಿಗೆ ಹೆಸರುವಾಸಿ. ಅಲ್ಲಿನ ಒಬ್ಬ ವಯಸ್ಸಾಗುತ್ತಿರುವ ಬಾಕ್ಸರನ ಬಗ್ಗೆ ಅವರು ಮಾಡಿದ "ನಕಲ್ ಸಿಟಿ" 2019ರಲ್ಲಿ ಬಂತು. ಆಸ್ಕರ್‌ಗೆ ದಕ್ಷಿಣ ಆಫ್ರಿಕಾ ಕಳಿಸಿದ್ದು ಅದನ್ನೇ. 2014ರಲ್ಲಿ ಅವರಿಗೆ ಸಿನಿಮಾ ವಿಭಾಗದ ಸ್ಟ್ಯಾಂಡರ್ಡ್ ಬ್ಯಾಂಕ್ ಯಂಗ್ ಆರ್ಟಿಸ್ಟ್ ಪ್ರಶಸ್ತಿ ಬಂತು. ಮಖಾಂಡ ಉತ್ಸವದ ಜೊತೆ 1981ರಿಂದ ನಡೆದುಬಂದ ಪ್ರಶಸ್ತಿ ಅದು. ನಾಟಕ, ನೃತ್ಯ, ಸಂಗೀತ, ಚಿತ್ರಕಲೆಗಳ ಸಾಲಿಗೆ ಸಿನಿಮಾವೂ ಸೇರಿತು ಅನ್ನುವುದು ಸಣ್ಣ ಮಾತಲ್ಲ.

ಸಾಕ್ಷ್ಯಚಿತ್ರ ಇಷ್ಟಪಡುವವರು ರೆಹಾದ್ ದೇಸಾಯಿ ಅವರ "ಮೈನರ್ಸ್ ಶಾಟ್ ಡೌನ್" ಹುಡುಕಿ ನೋಡಿ. 2012ರ ಆಗಸ್ಟ್ 16ರಂದು ಮಾರಿಕಾನಾ ಗಣಿಯಲ್ಲಿ ಮುಷ್ಕರ ಮಾಡುತ್ತಿದ್ದ 34 ಕಾರ್ಮಿಕರನ್ನು ಪೊಲೀಸರು ಗುಂಡಿಟ್ಟು ಕೊಂದ ಘಟನೆಯ ಚಿತ್ರ. ಸತ್ತವರಲ್ಲಿ ಬಹಳ ಮಂದಿ ಈಸ್ಟರ್ನ್ ಕೇಪ್‌ನ ಹಳ್ಳಿಗಳಿಂದ ಕೂಲಿಗೆ ಹೋದವರು. ಇಂಟರ್‌ನ್ಯಾಷನಲ್ ಎಮ್ಮಿ ಗೆದ್ದ ಚಿತ್ರ ಅದು.

ಈಗಲೂ ಸೆನ್ಸಾರ್ ಇದೆಯಾ?

1996ರ ಕಾನೂನಿನ ನಂತರ ಅಲ್ಲಿ ಇರುವುದು ವರ್ಗೀಕರಣ. ಫಿಲ್ಮ್ ಆ್ಯಂಡ್ ಪಬ್ಲಿಕೇಷನ್ ಬೋರ್ಡ್ ಅನ್ನುವ ಸಂಸ್ಥೆ ಯಾವ ವಯಸ್ಸಿನವರು ನೋಡಬಹುದು ಅಂತ ಹೇಳುತ್ತದೆ. ಸಾಮಾನ್ಯವಾಗಿ ಕತ್ತರಿ ಹಾಕುವುದಿಲ್ಲ. ಆದರೂ ಎರಡು ಪ್ರಕರಣ ತಿಳಿದಿರಲಿ.

ಮೊದಲನೆಯದು 2013ರದ್ದು. ಡರ್ಬನ್ ಚಿತ್ರೋತ್ಸವ ಜುಲೈ 18ರಂದು, ಅಂದರೆ ಮಂಡೇಲಾ ಹುಟ್ಟುಹಬ್ಬದ ದಿನ, ಕ್ಯುಬೆಕಾ ಅವರ "ಆಫ್ ಗುಡ್ ರಿಪೋರ್ಟ್" ಚಿತ್ರದಿಂದ ಶುರುವಾಗಬೇಕಿತ್ತು. ವಿದ್ಯಾರ್ಥಿನಿಯ ಹಿಂದೆ ಬಿದ್ದ ಮೇಷ್ಟ್ರ ಕಥೆ, ಕಪ್ಪು-ಬಿಳುಪಿನಲ್ಲಿ ತೆಗೆದದ್ದು. ಹಾಲ್ ತುಂಬಿತ್ತು, ದೀಪ ಆರಿತು. ಪರದೆಯ ಮೇಲೆ ಸಿನಿಮಾ ಬರಲಿಲ್ಲ, ಒಂದು ಪ್ರಕಟಣೆ ಬಂತು: ಬೋರ್ಡ್ ಈ ಚಿತ್ರಕ್ಕೆ ವರ್ಗೀಕರಣ ನಿರಾಕರಿಸಿದೆ, ತೋರಿಸಿದರೆ ಅಪರಾಧವಾಗುತ್ತದೆ. ವಿದ್ಯಾರ್ಥಿನಿಯ ಪಾತ್ರಕ್ಕೆ 16 ವರ್ಷ ಅನ್ನುವುದು ಬೋರ್ಡಿನ ಆಕ್ಷೇಪ. ಪಾತ್ರ ಮಾಡಿದ ನಟಿ ಇಪ್ಪತ್ತು ದಾಟಿದವರು. ನಿರ್ದೇಶಕ ಬಾಯಿಗೆ ಟೇಪ್ ಅಂಟಿಸಿಕೊಂಡು ಜನರ ಮುಂದೆ ನಿಂತರು. ಮೇಲ್ಮನವಿಯಲ್ಲಿ ಆ ನಿರ್ಧಾರ ಬಿದ್ದುಹೋಯಿತು, ಉತ್ಸವ ಮುಗಿಯುವುದರೊಳಗೆ ಚಿತ್ರ ತೋರಿಸಿದರು. ಮುಂದಿನ ವರ್ಷವೇ ಮಖಾಂಡ ಉತ್ಸವದ ಪ್ರಶಸ್ತಿ ಅವರ ಕೈಯಲ್ಲಿತ್ತು. ಕಲಾವಿದರ ಬೆನ್ನಿಗೆ ಒಂದು ಉತ್ಸವ ನಿಲ್ಲಬೇಕಾದದ್ದು ಹೀಗೆಯೇ.

ಎರಡನೆಯದು "ಇನ್‌ಖೇಬಾ" ಚಿತ್ರದ್ದು. ಖೋಸಾ ಹುಡುಗರು ಗಂಡಸರ ಸಾಲಿಗೆ ಸೇರುವ ದೀಕ್ಷಾ ವಿಧಿಯ ಸಮಯದಲ್ಲಿ ಇಬ್ಬರು ಗಂಡಸರ ನಡುವಿನ ಪ್ರೀತಿಯ ಕಥೆ. ಆ ವಿಧಿಯ ವಿಷಯ ಹೊರಗಿನವರ ಮುಂದೆ ಆಡುವುದೇ ತಪ್ಪು ಅಂತ ಸಂಪ್ರದಾಯಸ್ಥರು ತಿರುಗಿಬಿದ್ದರು. 2018ರ ಫೆಬ್ರುವರಿಯಲ್ಲಿ ಮೇಲ್ಮನವಿ ಮಂಡಳಿ ಚಿತ್ರಕ್ಕೆ ಎಕ್ಸ್-18 ಮುದ್ರೆ ಒತ್ತಿತು. ಅದು ನೀಲಿಚಿತ್ರಗಳಿಗೆ ಕೊಡುವ ಮುದ್ರೆ, ಹಾಗಾಗಿ ಚಿತ್ರಮಂದಿರಗಳು ಚಿತ್ರವನ್ನು ತೆಗೆದವು. ಜೂನ್‌ನಲ್ಲಿ ಪ್ರಿಟೋರಿಯಾ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಈ ವಿಷಯದಲ್ಲಿ ಎರಡೂ ಕಡೆಯವರ ನೋವು ನಿಜ. ನಮ್ಮಲ್ಲೂ ಜಾತಿ, ದೇವರು ಅಂದ ಕೂಡಲೇ ಇಂಥದ್ದೇ ಜಗಳ ಏಳುತ್ತದೆ ಅಲ್ವಾ? ಆದರೆ ನೋಡಿ ಬೈಯುವ ಹಕ್ಕು ಎಲ್ಲರಿಗೂ ಇರಲಿ. ನೋಡದಂತೆ ಬಾಗಿಲು ಮುಚ್ಚುವುದನ್ನು ಆ ದೇಶ ಸಾಕಷ್ಟು ಕಂಡಿದೆ.

ಭಾಷೆ ಗೊತ್ತಿಲ್ಲದಿದ್ದರೆ ಅರ್ಥವಾಗುತ್ತದಾ?

ಆಗುತ್ತದೆ. ಖೋಸಾ, ಜುಲು, ಸೊಥೊ, ಆಫ್ರಿಕಾನ್ಸ್ ಚಿತ್ರಗಳಿಗೆ ಸಾಮಾನ್ಯವಾಗಿ ಇಂಗ್ಲಿಷ್ ಸಬ್‌ಟೈಟಲ್ ಇರುತ್ತದೆ. ಒಂದೇ ಚಿತ್ರದಲ್ಲಿ ಮೂರ್ನಾಲ್ಕು ಭಾಷೆ ಬರುವುದು ಅಲ್ಲಿ ಮಾಮೂಲು. ದೇಶಕ್ಕೆ 12 ಅಧಿಕೃತ ಭಾಷೆಗಳಿವೆ. ಕೊನೆಯದಾಗಿ, 2023ರಲ್ಲಿ, ಸನ್ನೆ ಭಾಷೆ ಸೇರಿತು. ಪಕ್ಕದಲ್ಲಿ ಕುಳಿತವರಿಗೆ ಖೋಸಾದಲ್ಲಿ "ಮೊಲೊ" ಅಂದರೆ ನಮಸ್ಕಾರ, "ಎನ್‌ಕೋಸಿ" ಅಂದರೆ ಧನ್ಯವಾದ. ಇಷ್ಟು ಹೇಳಿದರೆ ಮುಖ ಅರಳುತ್ತದೆ, ಮಾತು ತಾನಾಗಿ ಮುಂದುವರಿಯುತ್ತದೆ.

ಪ್ರದರ್ಶನ ಎಲ್ಲಿ ನಡೆಯುತ್ತದೆ?

ಗುಡ್ಡದ ಮೇಲಿನ ಮಾನ್ಯುಮೆಂಟ್ ಉತ್ಸವದ ಕೇಂದ್ರ. ದೊಡ್ಡ ನಾಟಕಗಳಿಗೆ ಅಲ್ಲಿ ಗೈ ಬಟ್ಲರ್ ಥಿಯೇಟರ್ ಇದೆ. ಸಿನಿಮಾಗೆ ಬಹಳ ವರ್ಷ ಬಳಕೆಯಾದದ್ದು ಅದೇ ಕಟ್ಟಡದ ಆಲಿವ್ ಶ್ರೈನರ್ ಹಾಲ್. ವರ್ಷದಿಂದ ವರ್ಷಕ್ಕೆ ಜಾಗ ಬದಲಾಗಬಹುದು. 1994ರಲ್ಲಿ ಈ ಕಟ್ಟಡ ಬೆಂಕಿಗೆ ಸಿಕ್ಕಿ ಸುಟ್ಟುಹೋಗಿತ್ತು. ದುರಸ್ತಿಯಾದ ಮೇಲೆ 1996ರಲ್ಲಿ ಮತ್ತೆ ಉದ್ಘಾಟಿಸಿದವರು ನೆಲ್ಸನ್ ಮಂಡೇಲಾ. ವಲಸಿಗರ ಹೆಸರಿನ ಕಟ್ಟಡವನ್ನು ಎಲ್ಲರದ್ದು ಅಂತ ಅವರು ತೆರೆದುಕೊಟ್ಟದ್ದು ಆ ಊರಿಗೆ ದೊಡ್ಡ ವಿಷಯವಾಗಿತ್ತು.

ಹೈ ಸ್ಟ್ರೀಟ್‌ನಿಂದ ಮಾನ್ಯುಮೆಂಟ್‌ಗೆ ಹಗಲಲ್ಲಿ ನಡೆದೇ ಹೋಗಬಹುದು. ಏರು ಸ್ವಲ್ಪ ಜೋರು. ಕತ್ತಲಾದ ಮೇಲೆ ಒಬ್ಬೊಬ್ಬರೇ ನಡೆಯಬೇಡಿ, ಗಾಡಿಯಲ್ಲೇ ಹೋಗಿ.

ಒಂದು ಪಾಸ್ ತಗೊಂಡರೆ ಎಲ್ಲಾ ನೋಡಬಹುದಾ?

ಬೆಂಗಳೂರು ಚಿತ್ರೋತ್ಸವದ ಡೆಲಿಗೇಟ್ ಪಾಸ್ ಕೊರಳಿಗೆ ಹಾಕಿಕೊಂಡು ಪರದೆಯಿಂದ ಪರದೆಗೆ ಓಡಿ ಅಭ್ಯಾಸವಿದ್ದವರಿಗೆ ಇಲ್ಲಿ ಲೆಕ್ಕ ಬೇರೆ. ಒಂದೊಂದು ಪ್ರದರ್ಶನಕ್ಕೂ ಬೇರೆ ಟಿಕೆಟ್. ಉತ್ಸವದ ವೆಬ್‌ಸೈಟ್‌ನಲ್ಲಿ ಮೊದಲೇ ಕಾಯ್ದಿರಿಸಬಹುದು. ಒಂದು ರ್‍ಯಾಂಡ್ ಅಂದರೆ ಐದು ರೂಪಾಯಿಯ ಆಸುಪಾಸು. ನಾಟಕದ ಟಿಕೆಟ್ ಬೇಗ ಖಾಲಿಯಾಗುತ್ತದೆ, ಸಿನಿಮಾದ್ದು ಅಷ್ಟು ಬೇಗ ಆಗುವುದಿಲ್ಲ. ಆದರೆ ನಿರ್ದೇಶಕರು ಬರುವ ಪ್ರದರ್ಶನವಿದ್ದರೆ ತಡ ಮಾಡಬೇಡಿ.

ದಿನಕ್ಕೆ ಎಷ್ಟು ಸಿನಿಮಾ ನೋಡಬಹುದು?

ನಾಲ್ಕು ನೋಡಬಹುದು, ಎರಡು ನೋಡುವುದು ಒಳ್ಳೆಯದು. ಉಳಿದ ಹೊತ್ತು ಒಂದು ನಾಟಕಕ್ಕೆ, ಒಂದು ಸುತ್ತು ಬೀದಿಗೆ.

ಊರಿನ ಸಾಮಾನ್ಯ ಜನ ಈ ಸಿನಿಮಾಗಳಿಗೆ ಬರುತ್ತಾರಾ?

ಈ ಪ್ರಶ್ನೆ ಜಾಸ್ತಿ ಜನ ಕೇಳಬೇಕು. ಮಾನ್ಯುಮೆಂಟ್ ಮುಂದೆ ನಿಂತು ನೋಡಿದರೆ ಕೆಳಗೆ ಚರ್ಚ್ ಗೋಪುರ, ರೋಡ್ಸ್ ವಿಶ್ವವಿದ್ಯಾಲಯದ ಬಿಳಿ ಕಟ್ಟಡಗಳು. ಎದುರು ದಿಬ್ಬದಲ್ಲಿ ಜೋಜಾ, ಫಿಂಗೋ ವಿಲೇಜ್ ಮುಂತಾದ ಟೌನ್‌ಶಿಪ್‌ಗಳ ಸಣ್ಣ ಸಣ್ಣ ಮನೆಗಳು. ಊರಿನ ಬಹುಪಾಲು ಜನ ಇರುವುದು ಆ ಕಡೆ. ನಿರುದ್ಯೋಗ ವಿಪರೀತ. ಅವರಿಗೆ ಟಿಕೆಟ್ ದುಡ್ಡೂ ಭಾರ, ರಾತ್ರಿ ವಾಪಸ್ ಹೋಗಲು ವಾಹನದ್ದೂ ಕಷ್ಟ.

ಉತ್ಸವದ ದಿನಗಳಲ್ಲಿ ಹೈ ಸ್ಟ್ರೀಟ್‌ನಲ್ಲಿ ಹತ್ತು-ಹನ್ನೆರಡು ವರ್ಷದ ಹುಡುಗರು ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಪ್ರತಿಮೆಯಂತೆ ನಿಂತಿರುತ್ತಾರೆ. ಮುಂದಿಟ್ಟ ಡಬ್ಬಕ್ಕೆ ನಾಣ್ಯ ಬಿದ್ದರೆ ಒಂದು ಕ್ಷಣ ಅಲುಗಿ, ಭಂಗಿ ಬದಲಿಸಿ, ಮತ್ತೆ ಕಲ್ಲು. ಜುಲೈ ಚಳಿಯಲ್ಲಿ, ತೆಳ್ಳನೆಯ ಅಂಗಿಯಲ್ಲಿ. ಹಬ್ಬಕ್ಕೆ ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ಮಕ್ಕಳಲ್ಲಿ ಎಷ್ಟು ಜನ ಹಾಲ್ ಒಳಗೆ ಕುಳಿತು ಒಂದು ಸಿನಿಮಾ ನೋಡಿದ್ದಾರೆ ಅನ್ನುವುದು ನನ್ನನ್ನು ಬಿಡದೆ ಕಾಡುವ ಪ್ರಶ್ನೆ. ಟೌನ್‌ಶಿಪ್‌ನಲ್ಲೇ ನಡೆಯುವ, ಉಚಿತ ಅಥವಾ ಕಡಿಮೆ ಬೆಲೆಯ ಕಾರ್ಯಕ್ರಮ ಪಟ್ಟಿಯಲ್ಲಿ ಕಂಡರೆ ದಯವಿಟ್ಟು ಅಲ್ಲಿಗೂ ಹೋಗಿ. ಹೊರಗಿನವರು ಅಲ್ಲಿಗೆ ಬಂದು ಖರ್ಚು ಮಾಡಿದರೆ ಮುಂದಿನ ವರ್ಷವೂ ಅಂಥ ಕಾರ್ಯಕ್ರಮ ಇಡಲು ಸಂಘಟಕರಿಗೆ ಒಂದು ಕಾರಣ ಸಿಗುತ್ತದೆ. ಉಳಿಯಲು ಜೋಜಾದ ಮನೆಗಳಲ್ಲೇ ಹೋಮ್‌ಸ್ಟೇ ಸಿಗುತ್ತದೆ. ಆ ಬಾಡಿಗೆ ನೇರವಾಗಿ ಆ ಮನೆಯವರ ಕೈಗೆ ಹೋಗುತ್ತದೆ.

ಬೆಂಗಳೂರಿನಿಂದ ಹೋಗುವುದು ಹೇಗೆ? ವೀಸಾ ಬೇಕಾ?

ವೀಸಾ ಬೇಕು. ಎರಡು ತಿಂಗಳ ಮುಂಚೆಯೇ ಕಾಗದಪತ್ರ ಶುರು ಮಾಡಿ. ದುಬೈ, ದೋಹಾ ಅಥವಾ ಅಡಿಸ್ ಅಬಾಬಾ ಮೇಲೆ ಜೋಹಾನ್ಸ್‌ಬರ್ಗ್‌ಗೆ ವಿಮಾನ. ಅಲ್ಲಿಂದ ಗ್ಕೆಬೆರ್ಹಾಗೆ, ಅಂದರೆ ಹಿಂದಿನ ಪೋರ್ಟ್ ಎಲಿಜಬೆತ್‌ಗೆ, ಇನ್ನೊಂದು ವಿಮಾನ. ಅಲ್ಲಿಂದ ಮಖಾಂಡಕ್ಕೆ ರಸ್ತೆಯಲ್ಲಿ ಸುಮಾರು 130 ಕಿಲೋಮೀಟರ್. ಬಾಡಿಗೆ ಕಾರು ಸಿಗುತ್ತದೆ, ನಮ್ಮಂತೆಯೇ ಎಡಬದಿಯ ಚಾಲನೆ.

ಇಥಿಯೋಪಿಯಾ ಅಥವಾ ಕೆನ್ಯಾದಲ್ಲಿ 12 ಗಂಟೆಗಿಂತ ಜಾಸ್ತಿ ಹೊತ್ತು ನಿಲ್ಲಬೇಕಾದರೆ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ಕೇಳುತ್ತಾರೆ. ಟಿಕೆಟ್ ಅಗ್ಗ ಅಂತ ಉದ್ದನೆಯ ನಿಲುಗಡೆ ಆರಿಸಿಕೊಳ್ಳುವವರು ಇದನ್ನು ಮರೆಯಬೇಡಿ.

ವಿಶ್ವವಿದ್ಯಾಲಯಕ್ಕೆ ಆಗ ರಜೆ, ಹಾಗಾಗಿ ವಿದ್ಯಾರ್ಥಿ ಹಾಸ್ಟೆಲ್ ಕೊಠಡಿಗಳು ಬಾಡಿಗೆಗೆ ಸಿಗುವುದುಂಟು. ಹೋಟೆಲ್‌ಗಿಂತ ಅಗ್ಗ, ಹಾಲ್‌ಗಳಿಗೂ ಹತ್ತಿರ.

ಚಳಿ, ಕರೆಂಟು, ನೀರು?

ನಮ್ಮ ಮಳೆಗಾಲದಲ್ಲಿ ಅವರಿಗೆ ಚಳಿಗಾಲ. ಸಂಜೆ ಐದೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ರಾತ್ರಿ ಉಷ್ಣಾಂಶ 5 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು. ಹಳೆಯ ಚರ್ಚ್ ಹಾಲ್‌ಗಳ ಒಳಗೂ ಚಳಿ ಕಚ್ಚುತ್ತದೆ. ಸ್ವೆಟರ್, ಟೋಪಿ, ದಪ್ಪ ಕಾಲುಚೀಲ ಬೇಕೇ ಬೇಕು. ಕುರ್ಚಿಯ ಮೇಲೆ ಹೊದೆಯಲು ಒಂದು ಶಾಲು ಇದ್ದರೆ ಎರಡು ಗಂಟೆಯ ಸಿನಿಮಾ ಸುಖವಾಗಿ ನೋಡಬಹುದು.

ಲೋಡ್ ಶೆಡ್ಡಿಂಗ್ ನಮ್ಮವರಿಗೆ ಹೊಸದಲ್ಲ. 2023ರಲ್ಲಿ ಆ ದೇಶದಲ್ಲಿ ಅದು ಮಿತಿಮೀರಿತ್ತು, 2024ರ ಮಾರ್ಚ್ ನಂತರ ಬಹಳ ಕಡಿಮೆಯಾಗಿದೆ. ಗೋಡೆಯ ಸಾಕೆಟ್‌ಗೆ ನಮ್ಮ ಗೀಸರ್, ಏಸಿಗೆ ಹಾಕುವ ದಪ್ಪ ಮೂರು ಪಿನ್ನಿನ ಪ್ಲಗ್ಗೇ ಬೇಕು. ನಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಅಡಾಪ್ಟರ್ ಕೊಂಡು ಒಯ್ದರೆ ಆಯಿತು.

ನೀರು ಮಾತ್ರ ನಿಜವಾದ ಸಮಸ್ಯೆ. ಬರ ಮತ್ತು ಹಳೆಯ ಪೈಪುಗಳಿಂದ ಮಖಾಂಡದಲ್ಲಿ ನಲ್ಲಿ ನಿಂತುಹೋಗುವುದು ಸಾಮಾನ್ಯ. 2019ರಲ್ಲಿ ಗಿಫ್ಟ್ ಆಫ್ ದಿ ಗಿವರ್ಸ್ ಎಂಬ ಪರಿಹಾರ ಸಂಸ್ಥೆ ಬಂದು ಕೊಳವೆಬಾವಿ ಕೊರೆಯಬೇಕಾಯಿತು. ಕೊಠಡಿ ಕಾಯ್ದಿರಿಸುವಾಗಲೇ ನೀರಿನ ಟ್ಯಾಂಕ್ ಇದೆಯಾ ಅಂತ ಕೇಳಿ, ಕುಡಿಯುವ ನೀರು ಬೇರೆ ಕೊಳ್ಳಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸಿಗುತ್ತದೆ, ಹುಡುಕಬೇಕು. ಉಮ್‌ಗ್ಕೂಷೋ ಅಂತ ಮೆಕ್ಕೆಜೋಳ-ಕಾಳು ಬೇಯಿಸಿದ ಖೋಸಾ ಊಟವಿದೆ. ಹಸಿದ ಹೊಟ್ಟೆಗೆ ಬಹಳ ಹಿತ. ಮಾಂಸದ ಸಾರು ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ಉತ್ಸವದ ಸಂತೆ ನಡೆಯುವ ವಿಲೇಜ್ ಗ್ರೀನ್‌ನಲ್ಲಿ ತಿಂಡಿ ಅಂಗಡಿಗಳು ಸಾಲಾಗಿ ಇರುತ್ತವೆ.

ಎರಡು ಪ್ರದರ್ಶನಗಳ ನಡುವೆ ಸಮಯ ಸಿಕ್ಕರೆ ಏನು ನೋಡಲಿ?

ಸಿನಿಮಾ ಪ್ರೀತಿಸುವವರು ಬಾಥರ್ಸ್ಟ್ ಸ್ಟ್ರೀಟ್‌ನ ಅಬ್ಸರ್ವೇಟರಿ ಮ್ಯೂಸಿಯಂ ತಪ್ಪಿಸಬೇಡಿ. 19ನೇ ಶತಮಾನದಲ್ಲಿ ಒಬ್ಬ ಗಡಿಯಾರ ವ್ಯಾಪಾರಿ ವಾಸವಿದ್ದ ಮನೆ ಅದು. ಮಾಳಿಗೆಯ ಮೇಲಿನ ಗೋಪುರದಲ್ಲಿ ಒಂದು ಕ್ಯಾಮೆರಾ ಅಬ್ಸ್ಕ್ಯೂರಾ ಇದೆ. ಕಿರಿದಾದ ಮೆಟ್ಟಿಲು ಹತ್ತಿ ಪುಟ್ಟ ಕತ್ತಲೆ ಕೋಣೆಗೆ ಹೋಗಬೇಕು. ನಡುವೆ ದುಂಡನೆಯ ಬಿಳಿ ಮೇಜು. ಮೇಲಿನ ಕನ್ನಡಿ ಮತ್ತು ಮಸೂರದಿಂದ ಹೊರಗಿನ ಊರು ಆ ಮೇಜಿನ ಮೇಲೆ ಬಂದು ಬೀಳುತ್ತದೆ. ಬೀದಿಯಲ್ಲಿ ಹೋಗುವ ಕಾರು, ಗಾಳಿಗೆ ಅಲುಗುವ ಮರ, ರಸ್ತೆ ದಾಟುವ ಕತ್ತೆ (ಈ ಊರಿನಲ್ಲಿ ಕತ್ತೆಗಳಿಗೆ ಬರವಿಲ್ಲ), ಎಲ್ಲವೂ ಅಂಗೈ ಅಗಲದಲ್ಲಿ, ಬಣ್ಣದಲ್ಲಿ, ಸದ್ದಿಲ್ಲದೆ ಚಲಿಸುತ್ತದೆ. ಕನ್ನಡಿ ತಿರುಗಿಸಿದಂತೆ ಊರೂ ತಿರುಗುತ್ತದೆ, ವಿಶ್ವವಿದ್ಯಾಲಯದಿಂದ ಟೌನ್‌ಶಿಪ್ ದಿಬ್ಬದವರೆಗೆ. ಫಿಲ್ಮ್ ಇಲ್ಲ, ಕರೆಂಟಿಲ್ಲ, ಬರೀ ಬೆಳಕು. ಮೋಡ ಕವಿದರೆ ಚಿತ್ರ ಮಸುಕಾಗುತ್ತದೆ, ಆದ್ದರಿಂದ ಬಿಸಿಲಿರುವ ಹೊತ್ತು ನೋಡಿ ಹೋಗಿ. ತೆರೆಯುವ ಸಮಯ ವಿಚಾರಿಸಿಕೊಳ್ಳಿ.

ಸಂಗೀತದ ಆಸಕ್ತಿ ಇದ್ದವರಿಗೆ ಹ್ಯೂ ಟ್ರೇಸಿ 1954ರಲ್ಲಿ ಕಟ್ಟಿದ ಇಂಟರ್‌ನ್ಯಾಷನಲ್ ಲೈಬ್ರರಿ ಆಫ್ ಆಫ್ರಿಕನ್ ಮ್ಯೂಸಿಕ್ ಕೂಡ ಇದೇ ಊರಿನಲ್ಲಿದೆ.

ನಾನೊಂದು ಸಣ್ಣ ಸಿನಿಮಾ ಮಾಡಿದ್ದೇನೆ. ಅಲ್ಲಿಗೆ ಕಳಿಸಬಹುದಾ?

ಉತ್ಸವದಲ್ಲಿ ಎರಡು ದಾರಿ. ಒಂದು, ಉತ್ಸವದವರೇ ಆರಿಸಿ ಕರೆಯುವ ಕ್ಯುರೇಟೆಡ್ ವಿಭಾಗ. ಇನ್ನೊಂದು ಫ್ರಿಂಜ್. ಅಲ್ಲಿ ಶುಲ್ಕ ಕಟ್ಟಿ, ಜಾಗ ಗೊತ್ತುಮಾಡಿಕೊಂಡು, ಲಾಭ-ನಷ್ಟ ತಲೆಯ ಮೇಲೆ ಹೊತ್ತು ಪ್ರದರ್ಶಿಸಬೇಕು. ಇಡೀ ಉತ್ಸವದ ಗಮನ ಆಫ್ರಿಕಾದ ಕಲಾವಿದರ ಮೇಲಿದೆ, ಅದು ಸರಿಯೂ ಹೌದು. ಕನ್ನಡದ ಕಿರುಚಿತ್ರ, ಸಾಕ್ಷ್ಯಚಿತ್ರ ಕಳಿಸುವವರಿಗೆ ಡರ್ಬನ್ ಒಳ್ಳೆಯದು. ಅವರು ಜಗತ್ತಿನ ಎಲ್ಲ ಕಡೆಯಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಸುಮ್ನೆ ದುಡ್ಡು ಕಟ್ಟಿ ಹತ್ತು ಕಡೆ ಕಳಿಸುವ ಬದಲು, ಹಿಂದಿನ ವರ್ಷ ಏನೇನು ತೋರಿಸಿದ್ದಾರೆ ಅಂತ ನೋಡಿ ಒಂದೆರಡು ಕಡೆ ಕಳಿಸಿ.

ಒಂದೇ ಪ್ರವಾಸದಲ್ಲಿ ಬೇರೆ ಉತ್ಸವಗಳನ್ನೂ ಸೇರಿಸಬಹುದಾ?

ಖಂಡಿತ. ಕೇಪ್ ಟೌನ್ ಮತ್ತು ಜೋಹಾನ್ಸ್‌ಬರ್ಗ್‌ನಲ್ಲಿ ನಡೆಯುವ ಎನ್‌ಕೌಂಟರ್ಸ್ ಸಾಕ್ಷ್ಯಚಿತ್ರ ಉತ್ಸವ ಸಾಮಾನ್ಯವಾಗಿ ಜೂನ್‌ನಲ್ಲಿ. ಆಮೇಲೆ ಮಖಾಂಡ. ಜುಲೈನಲ್ಲಿ ಡರ್ಬನ್ ಅಂತಾರಾಷ್ಟ್ರೀಯ ಚಿತ್ರೋತ್ಸವ. 1979ರಲ್ಲಿ ಶುರುವಾದದ್ದು, ದೇಶದ ಹಳೆಯ ಚಿತ್ರೋತ್ಸವಗಳಲ್ಲಿ ಒಂದು. ವರ್ಷಕ್ಕೊಮ್ಮೆ ದಿನಾಂಕ ಹಿಂದೆ-ಮುಂದೆ ಆಗುತ್ತದೆ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಖಾಂಡದಿಂದ ಡರ್ಬನ್‌ಗೆ ರಸ್ತೆ ಬಹಳ ದೂರ, ರಾತ್ರಿ ಗಾಡಿ ಓಡಿಸುವುದು ಬೇಡ. ಗ್ಕೆಬೆರ್ಹಾದಿಂದ ವಿಮಾನವೇ ವಾಸಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಟಿಕೆಟ್ ಕೊಳ್ಳುವಾಗ ವಯಸ್ಸಿನ ಗುರುತು ನೋಡಿ. 13, 16, 18 ಅಂತ ಇದ್ದರೆ ಅಪ್ಪ-ಅಮ್ಮ ಜೊತೆಗಿದ್ದರೂ ಅದಕ್ಕಿಂತ ಚಿಕ್ಕವರನ್ನು ಒಳಗೆ ಬಿಡುವುದಿಲ್ಲ. ಪಿಜಿ ಇದ್ದರೆ ನೀವು ಜೊತೆಗಿರಬೇಕು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ: ವಿ ಅಂದರೆ ಹಿಂಸೆ, ಎಲ್ ಅಂದರೆ ಕೆಟ್ಟ ಮಾತು, ಪಿ ಅಂದರೆ ಜನಾಂಗ-ಧರ್ಮದ ಬಗ್ಗೆ ನೋವಾಗುವಂಥ ವಿಷಯ.

ಸಿನಿಮಾ ಮುಗಿದ ಮೇಲಿನ ಚರ್ಚೆಯಲ್ಲಿ ಹೊರಗಿನವರು ಮಾತಾಡಬಹುದಾ?

ಮಾತಾಡಿ, ಆದರೆ ಮೊದಲು ಕೇಳಿಸಿಕೊಳ್ಳಿ. ಈ ಚರ್ಚೆಗಳು ಕೆಲವೊಮ್ಮೆ ಬಿಸಿಯೇರುತ್ತವೆ. ಭೂಮಿ, ಬಣ್ಣ, ಭಾಷೆ, ಯಾರ ಕಥೆಯನ್ನು ಯಾರು ಹೇಳಬೇಕು ಅನ್ನುವ ವಿಷಯದಲ್ಲಿ ನಿರ್ದೇಶಕರನ್ನು ಜನ ಸುಲಭಕ್ಕೆ ಬಿಡುವುದಿಲ್ಲ. ನಮ್ಮ ದೇಶದ ಹೋಲಿಕೆ ಹೇಳುತ್ತಾ ಐದು ನಿಮಿಷ ಮೈಕ್ ಹಿಡಿದರೆ ಅಲ್ಲಿನವರ ಒಂದು ಪ್ರಶ್ನೆ ಕಡಿಮೆಯಾಗುತ್ತದೆ. ಚಿಕ್ಕದಾಗಿ ಒಂದೇ ಪ್ರಶ್ನೆ ಕೇಳಿ. ಈ ಸಿನಿಮಾವನ್ನು ಚಿತ್ರೀಕರಣ ನಡೆದ ಊರಿನಲ್ಲಿ ತೋರಿಸಿದಿರಾ, ಅಲ್ಲಿನವರು ಏನಂದರು ಅಂತ ಕೇಳಿದರೆ ಹೆಚ್ಚಿನ ನಿರ್ದೇಶಕರು ಮನಸ್ಸು ಬಿಚ್ಚಿ ಉತ್ತರ ಕೊಡುತ್ತಾರೆ.